ಬೆಕ್ಕೂ ಚಿಗಟದ ಔಷಧವೂ

ಹೋದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ಅರಿಕೆಮಾಡುತ್ತೇನೆ. ನಮ್ಮಲ್ಲಿ ಒಂದು ನಾಯಿಯೂ ಒಂದು ಬೆಕ್ಕೂ ಉಂಟು. ನಾಯಿಯ ಮೈಯ ಉಣ್ಣೆಗಳಿಗಾಗಿ ತಂದ ಔಷಧದ ಕಿರುಕೊಳವೆಯಲ್ಲಿ ಒಂದು ಸಂಜೆ ನಾಲ್ಕು ಹನಿ ಉಳಿದಿತ್ತು. ಚೆಲ್ಲುವುದೇಕೆಂದು ಅದನ್ನು ಬೆಕ್ಕಿನ ಕತ್ತಿನ ಮೇಲೆ ಹಾಕಿ, ಉಪಕಾರ ಮಾಡಿದೆನೆಂಬ ತೃಪ್ತಿಯಿಂದ ಪುಸ್ತಕ ಹಿಡಿದು ಕುಳಿತೆ. ರಾತ್ರಿ ಊಟದ ಹೊತ್ತಿಗೆ ಬೆಕ್ಕಿನ ಕಿವಿಗಳು ಅದುರತೊಡಗಿದುವು. ಬಾಯಿಂದ ಜೊಲ್ಲು ಸುರಿಯಿತು. ಸ್ವಲ್ಪ ಹೊತ್ತಿನಲ್ಲಿಯೇ ಮೈಯೆಲ್ಲ ನಡುಗಿ, ನಿಲ್ಲಲಾರದೆ ಒರಗಿಬಿಟ್ಟಿತು. ಪಶುವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, "ಏನು ಹಾಕಿದಿರಿ, ಸ್ವಾಮಿ?" ಎಂಬುದು. ನಾನು ಕೊಳವೆಯ ಪೊಟ್ಟಣವನ್ನು ಮುಂದಿಟ್ಟೆ. ಅದರ ಮೇಲೆ ನಾಯಿಯ ಚಿತ್ರವಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಬೆಕ್ಕುಗಳಿಗೆ ಬಳಸಕೂಡದೆಂದು ಬರೆದೂ ಇತ್ತು. ಓದುವುದನ್ನೂ ಓದಿಸುವುದನ್ನೂ ವೃತ್ತಿಯಾಗಿ ಮಾಡಿಕೊಂಡ ನಾನು ಅದನ್ನು ಓದಿರಲಿಲ್ಲ.

ಇಂಥ ತಪ್ಪು ನನ್ನೊಬ್ಬನದೇ ಅಲ್ಲವೆಂದು ವೈದ್ಯರು ಹೇಳಿದರು. ನಾಯಿಗೆ ಒಗ್ಗಿದ ಔಷಧ ಬೆಕ್ಕಿಗೆ ವಿಷವಾಗುವುದೇಕೆ, ಹಾಗಾದಾಗ ಮಾಡತಕ್ಕದ್ದೇನು ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ಚಿಗಟವನ್ನು ಅಲಕ್ಷಿಸಬಹುದೆಂದು ಯಾರೂ ತಿಳಿಯಬಾರದು. ಚಿಗಟಗಳು ಬಹಳವಾಗಿ ಮುತ್ತಿದರೆ ಎಳೆಯ ಮರಿಗಳು ರಕ್ತಹೀನತೆಯಿಂದ ಸಾಯುವುದುಂಟು. ಚಿಗಟವನ್ನು ನುಂಗಿದ ಬೆಕ್ಕಿನ ಕರುಳಿನಲ್ಲಿ ಲಾಡಿಹುಳು ಬೆಳೆಯುವುದೂ ಉಂಟು. ಬೆಕ್ಕಿನ ಚಿಗಟವೆಂದು ಹೆಸರಾದ ಜಾತಿಯೇ ನಾಯಿಯ ಮೈಯಲ್ಲಿಯೂ ಸಾಮಾನ್ಯವಾಗಿ ಕಾಣುತ್ತದೆ. ಹೀಗಿರುವುದರಿಂದ, ಕೀಟ ಒಂದೇ ಆದಮೇಲೆ ಮದ್ದೂ ಒಂದೇ ಎಂದು ನಾವು ತರ್ಕಿಸುತ್ತೇವೆ. ತಪ್ಪಿರುವುದು ಇಲ್ಲಿಯೇ. ಕೀಟ ಒಂದೇ; ಅದು ಕುಳಿತ ಮೈ ಒಂದೇ ಅಲ್ಲ.

ನಾನು ಹಾಕಿದ ಔಷಧದ ಹೆಸರು ಪರ್ಮೆಥ್ರಿನ್. ಸೇವಂತಿಗೆಯ ಕುಲಕ್ಕೆ ಸೇರಿದ ಪೈರೆಥ್ರಮ್ ಎಂಬ ಗಿಡದ ಹೂವಿನಲ್ಲಿ ಕೀಟಗಳನ್ನು ಕೊಲ್ಲುವ ಸತ್ವವುಂಟು. ಆ ಹೂವನ್ನು ಒಣಗಿಸಿ ಪುಡಿಮಾಡಿ ಬಳಸುವ ಪದ್ಧತಿ ಹಿಂದಿನಿಂದಲೂ ಇತ್ತು. ಆದರೆ ಬಿಸಿಲು ತಗಲಿದರೆ ಅದರ ಶಕ್ತಿ ಬೇಗನೆ ಕುಂದುತ್ತಿತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗಶಾಲೆಯಲ್ಲಿ ಮೈಕೇಲ್ ಎಲಿಯಟ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಇದೇ ಮಾದರಿಯಲ್ಲಿ, ಬಿಸಿಲಿಗೆ ಕೆಡದ ಪರ್ಮೆಥ್ರಿನ್ನನ್ನು ಕೃತಕವಾಗಿ ತಯಾರಿಸಿ 1973ರಲ್ಲಿ ಪ್ರಕಟಪಡಿಸಿದರು.

ಅದು ಕೆಲಸಮಾಡುವುದು ನರಗಳ ಮೇಲೆ. ನರತಂತುವಿನ ಪೊರೆಯಲ್ಲಿ ಸೋಡಿಯಂ ಕಣಗಳು ಒಳಹೊಗುವ ಅತಿ ಸೂಕ್ಷ್ಮವಾದ ದ್ವಾರಗಳುಂಟು. ಸುದ್ದಿ ಸಾಗುವಾಗ ಇವು ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳತಕ್ಕವು. ಪರ್ಮೆಥ್ರಿನ್ ಅವುಗಳನ್ನು ಬೇಗ ಮುಚ್ಚಗೊಡಿಸುವುದಿಲ್ಲ. ನರವು ಒಂದು ಸಲ ಹೇಳಬೇಕಾದ ಆಜ್ಞೆಯನ್ನು ಮತ್ತೆ ಮತ್ತೆ ಹೇಳುತ್ತದೆ. ಸ್ನಾಯುಗಳು ಬಿಡುವಿಲ್ಲದೆ ಅದುರುತ್ತವೆ. ಚಿಗಟ ಸಾಯುವುದು ಹೀಗೆ. ಬೆಕ್ಕು ನಡುಗುವುದೂ ಹೀಗೆಯೇ.

ಹಾಗಾದರೆ ನಾಯಿಗೆ ಏಕೆ ಕೇಡಾಗುವುದಿಲ್ಲ? ನಾಯಿಯ ಯಕೃತ್ತು ಈ ವಸ್ತುವನ್ನು ಬೇಗನೆ ಒಡೆದು, ಮೂತ್ರದೊಡನೆ ಹೊರಹೋಗುವಂತೆ ಮಾಡಬಲ್ಲುದು. ಅನೇಕ ವಿಷಗಳನ್ನು ಗ್ಲುಕ್ಯುರಾನಿಕ್ ಆಮ್ಲದೊಡನೆ ಬೆಸೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಮಾಂಸವನ್ನೇ ತಿಂದು ಬದುಕಿದ ಮಾರ್ಜಾಲಕುಲಕ್ಕೆ ಸಸ್ಯಗಳ ವಿಷವನ್ನು ಎದುರಿಸುವ ಪ್ರಸಂಗ ವಿರಳವಾದುದರಿಂದ ಈ ಶಕ್ತಿ ನಶಿಸಿತೆಂದು ವಿಜ್ಞಾನಿಗಳ ಊಹೆ. ನಮ್ಮ ಜ್ವರವನ್ನಿಳಿಸುವ ಪ್ಯಾರಸಿಟಮಾಲಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದಾಗಿರುವುದಕ್ಕೂ ಈ ಕೊರತೆಯೇ ಮುಖ್ಯ ಕಾರಣ. ಬೆಕ್ಕನ್ನು ಚಿಕ್ಕ ನಾಯಿಯೆಂದು ಭಾವಿಸಿ ಔಷಧದ ಪ್ರಮಾಣವನ್ನು ಕಡಿಮೆಮಾಡಿದರೆ ಸಾಲದು. ನಾಯಿಗಳ ಕೆಲವು ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ನೂರಕ್ಕೆ 40ರಿಂದ 65 ಪಾಲಿನವರೆಗೆ ಇರುತ್ತದೆ. ಅದರ ಕೆಲವೇ ಹನಿ ಬೆಕ್ಕಿಗೆ ಪ್ರಾಣಾಂತಿಕವಾಗಬಹುದು.

ಚಿಹ್ನೆಗಳು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಒಮ್ಮೊಮ್ಮೆ ಒಂದು ದಿನ ಕಳೆದಮೇಲೆ, ತೋರುತ್ತವೆ. ಕಿವಿ, ಮುಖ, ಪಂಜಗಳ ಅದುರು, ಜೊಲ್ಲು, ತೂರಾಡುವ ನಡೆ, ಮೈಬಿಸಿ ಏರುವುದು, ಕೊನೆಗೆ ಸೆಳವು. ಔಷಧ ಹಚ್ಚಿದ ನಾಯಿಯನ್ನು ನೆಕ್ಕಿದ, ಅದರ ಮಗ್ಗುಲಲ್ಲಿ ಮಲಗಿದ ಬೆಕ್ಕಿಗೂ ಇದು ಬರಬಹುದು.

ಬೆಕ್ಕಿಗೆಂದೇ ತಯಾರಾದ ಔಷಧಗಳಿಂದಲೂ ಕೆಲವು ವೇಳೆ ಹಚ್ಚಿದ ಜಾಗದಲ್ಲಿ ಕೂದಲು ಉದುರಬಹುದು, ಚರ್ಮ ಕೆಂಪಾಗಬಹುದು. ಕಹಿಯಾದ ಮದ್ದನ್ನು ನೆಕ್ಕಿದರೆ ಜೊಲ್ಲು ಸುರಿಯಬಹುದು. ಇವು ಬಹುಮಟ್ಟಿಗೆ ತಾವಾಗಿಯೇ ಶಮನವಾಗುತ್ತವೆ. ಐಸಾಕ್ಸಜೋಲಿನ್ ಎಂಬ ಹೊಸ ವರ್ಗದ ಔಷಧಗಳು ಹೆಚ್ಚಿನ ಪ್ರಾಣಿಗಳಿಗೆ ಕ್ಷೇಮಕರವಾದರೂ, ಕೆಲವು ನಾಯಿಬೆಕ್ಕುಗಳಲ್ಲಿ ನಡುಕವನ್ನೂ ಸೆಳವನ್ನೂ ಉಂಟುಮಾಡಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಹಿಂದೆ ಸೆಳವು ಬಂದಿದ್ದ ಬೆಕ್ಕಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ನಾಯಿಯ ಉಣ್ಣೆಗೆ ಬಳಸುವ ಅಮಿಟ್ರಾಜ್ ಬೆಕ್ಕಿಗೆ ಸಲ್ಲದು. ಚಿಗಟ ಹೋಗಲೆಂದು ನಮ್ಮ ಜನ ಕೈಗೆತ್ತಿಕೊಳ್ಳುವ ಫಿನಾಯಿಲೂ, ಈಚೆಗೆ ರೂಢಿಗೆ ಬಂದ ಟೀ ಟ್ರೀ ಎಣ್ಣೆಯೂ ಅದಕ್ಕೆ ಅಪಾಯಕರವಾದುವೇ.

ಇಂಥ ಪ್ರಸಂಗ ಒದಗಿದರೆ ಚಿಹ್ನೆಗಳಿಗಾಗಿ ಕಾಯಬೇಡಿ. ಪಾತ್ರೆ ತೊಳೆಯುವ ದ್ರವಸಾಬೂನನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕದಡಿ, ಮದ್ದು ಬಿದ್ದ ಜಾಗವನ್ನು ಚೆನ್ನಾಗಿ ತೊಳೆಯಿರಿ. ಬಿಸಿನೀರು ಬೇಡ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ವಿಷವನ್ನು ಒಳಸೆಳೆಯುತ್ತದೆ. ಒರಸಿ, ಟವಲಿನಲ್ಲಿ ಸುತ್ತಿ, ಔಷಧದ ಪೊಟ್ಟಣದೊಡನೆ ಕೂಡಲೇ ಪಶುವೈದ್ಯರಲ್ಲಿಗೆ ಕೊಂಡೊಯ್ಯಿರಿ. ಸೆಳವು ಆರಂಭವಾಗಿದ್ದರೆ ತೊಳೆಯುತ್ತ ನಿಲ್ಲದೆ ನೇರವಾಗಿ ಹೊರಡಿ. ಬಾಯಿಗೆ ಹಾಲನ್ನಾಗಲಿ ಎಣ್ಣೆಯನ್ನಾಗಲಿ ಹೊಯ್ಯಬಾರದು. ಈ ವಿಷಕ್ಕೆ ಪ್ರತಿವಿಷವಿಲ್ಲ. ಆದರೂ ಸ್ನಾಯುಗಳನ್ನು ಸಡಿಲಿಸುವ, ಸೆಳವನ್ನು ತಡೆಯುವ ಔಷಧಗಳನ್ನು ಸಕಾಲದಲ್ಲಿ ಕೊಟ್ಟರೆ ಬಹುಪಾಲು ಬೆಕ್ಕುಗಳು ಬದುಕುತ್ತವೆ.

ಬರುವ ಮುನ್ನವೇ ತಡೆಯುವುದು ಇನ್ನೂ ಸುಲಭ. ಪೊಟ್ಟಣದ ಮೇಲೆ ಬೆಕ್ಕಿನ ಹೆಸರು, ವಯಸ್ಸು, ತೂಕ ಮೂರೂ ಇವೆಯೇ ಎಂದು ನೋಡಿ. ನಾಯಿಗೆ ಪರ್ಮೆಥ್ರಿನ್ ಹಾಕಿದರೆ ಮೂರು ದಿನ ಬೆಕ್ಕನ್ನು ಅದರಿಂದ ದೂರವಿಡಿ. ಮೈಮೇಲೆ ಕಾಣುವ ಚಿಗಟಗಳು ಅಲ್ಪಭಾಗ ಮಾತ್ರ; ಮೊಟ್ಟೆ, ಮರಿಹುಳು, ಕೋಶಗಳೆಲ್ಲ ಹಾಸಿಗೆಯಲ್ಲಿಯೂ ನೆಲದ ಸಂದುಗಳಲ್ಲಿಯೂ ಅಡಗಿರುತ್ತವೆ. ಆದುದರಿಂದ ಅದರ ಹಾಸುಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ಮೂಲೆಗಳನ್ನು ಗುಡಿಸುವುದು, ಸಣ್ಣಹಲ್ಲಿನ ಬಾಚಣಿಗೆಯಿಂದ ಮೈ ಬಾಚುವುದು ಔಷಧಕ್ಕೆ ಒಳ್ಳೆಯ ನೆರವು.

ನಮ್ಮ ಬೆಕ್ಕು ಮೂರನೆಯ ದಿನ ಮನೆಗೆ ಬಂದಿತು. ಮೊದಲಿನಂತೆಯೇ ನನ್ನ ಪುಸ್ತಕಗಳ ಮೇಲೆ ಮಲಗುತ್ತದೆ. ಕೈಯಲ್ಲಿ ಔಷಧ ಹಿಡಿದಾಗ ಅದು ನನ್ನನ್ನು ಸಂದೇಹದಿಂದ ನೋಡುತ್ತದೆ. ಅದನ್ನು ನಾನು ಆಕ್ಷೇಪಿಸುವಂತಿಲ್ಲ. ಈಗ ಪೊಟ್ಟಣದ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತೇನೆ. ತಾವೂ ಓದಬೇಕೆಂದು ಪ್ರಾರ್ಥಿಸುತ್ತೇನೆ.