ತೆಳ್ಳಗಿನವರಿಗೂ ಮಧುಮೇಹವೇಕೆ?

ಸದಾಶಿವ ಪೇಠದ ನಮ್ಮ ಕನ್ನಡ ಮನೆಗಳಲ್ಲಿ ಮಧುಮೇಹದ ಮಾತು ಬಂದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಹಿರಿಯರು ‘ಹಣೆಬರಹ’ ಎನ್ನುತ್ತಾರೆ. ಕಿರಿಯರು ‘ಸಿಹಿ ತಿಂದದ್ದು ಹೆಚ್ಚಾಯಿತು’ ಎನ್ನುತ್ತಾರೆ. ಎರಡೂ ಒಂದೇ ಕಾರಣಕ್ಕೆ ಅಂಟಿಕೊಂಡ ಉತ್ತರಗಳು. ಜೀವವಿಕಾಸದ ಶಾಸ್ತ್ರವೂ ಸಂಕೀರ್ಣ ವ್ಯವಸ್ಥೆಗಳ ಅಧ್ಯಯನವೂ ಕಲಿಸುವ ಜೀವನದೃಷ್ಟಿ ಬೇರೆ. ದೇಹವು ಬಿಡಿಭಾಗಗಳನ್ನು ಜೋಡಿಸಿದ ಯಂತ್ರವಲ್ಲ. ಅಸಂಖ್ಯ ತಲೆಮಾರುಗಳ ಬದುಕನ್ನು ಹೊತ್ತು ಬಂದ, ಎಳೆಗೆ ಎಳೆ ಹೆಣೆದುಕೊಂಡ ಬಲೆ.

ಇದಕ್ಕೆ ನಿದರ್ಶನ ಪುಣೆಯಲ್ಲಿಯೇ ಉಂಟು. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಸಹೋದ್ಯೋಗಿಗಳೂ 1993ರಲ್ಲಿ ಸಮೀಪದ ಆರು ಹಳ್ಳಿಗಳ ತಾಯಂದಿರ ಅಧ್ಯಯನವನ್ನು ಆರಂಭಿಸಿದರು. ಅಲ್ಲಿಯ ಶಿಶುಗಳ ಸರಾಸರಿ ಜನನತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌದಾಂಪ್ಟನ್ನಿನ ಶಿಶುಗಳದು 3.5. ಮಾಂಸಖಂಡದಲ್ಲಿ ಬಡವಾಗಿದ್ದ ನಮ್ಮ ಕೂಸುಗಳು ಕೊಬ್ಬನ್ನು ಮಾತ್ರ ಬಹುಮಟ್ಟಿಗೆ ಉಳಿಸಿಕೊಂಡಿದ್ದವು. 2004ರಲ್ಲಿ ಯಾಜ್ಞಿಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮನ್ನೇ ಆಂಗ್ಲ ಮಿತ್ರ ಜಾನ್ ಯಡ್ಕಿನ್‌ರೊಡನೆ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಮಾತ್ರ ಯಡ್ಕಿನ್‌ರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2! ತಕ್ಕಡಿಯೊಂದನ್ನೇ ನಂಬಿ ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು.

ಹೀಗೇಕೆ? ಬರಗಾಲಗಳಲ್ಲಿ ಉಳಿಯಲು ನೆರವಾದ ಕೂಡಿಡುವ ಗುಣವೇ ಸಮೃದ್ಧಿಯಲ್ಲಿ ಮುಳುವಾಗುತ್ತದೆಂದು ಜೇಮ್ಸ್ ನೀಲ್ 1962ರಲ್ಲಿ ಊಹಿಸಿದರು. ಗರ್ಭದೊಳಗಿನ ಕೊರತೆಯೇ ದೇಹವನ್ನು ಹಾಗೆ ರೂಪಿಸುತ್ತದೆಂದು ಹೇಲ್ಸ್ ಮತ್ತು ಬಾರ್ಕರ್ 1992ರಲ್ಲಿ ವಾದಿಸಿದರು. ಚರ್ಚೆ ಮುಗಿದಿಲ್ಲ. ಊರಿನ ಹೊಲ ಬಿಟ್ಟು ಒಂದೇ ತಲೆಮಾರಿನಲ್ಲಿ ನಗರದ ಕುರ್ಚಿಗೆ ಬಂದ ನಮ್ಮಂಥವರ ವಿಷಯದಲ್ಲಿ ಎರಡನೆಯದೇ ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ.

ಬಲೆಯ ಮಾತು ಬರಿಯ ಉಪಮೆಯಲ್ಲ. ಅದೇ ಹಳ್ಳಿಗಳ ಮಕ್ಕಳನ್ನು ಆರನೆಯ ವಯಸ್ಸಿನಲ್ಲಿ ಪರೀಕ್ಷಿಸಿದ ಫಲ 2008ರಲ್ಲಿ ಪ್ರಕಟವಾಯಿತು. ಗರ್ಭಿಣಿಯ ರಕ್ತದಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿ ಫೋಲೇಟ್ ಹೆಚ್ಚಾಗಿದ್ದಲ್ಲಿ, ಅವಳ ಮಗುವಿನ ದೇಹವು ಇನ್ಸುಲಿನ್ನಿಗೆ ಸ್ಪಂದಿಸುವುದು ಎಲ್ಲರಿಗಿಂತ ಕಡಿಮೆಯಾಗಿತ್ತು. ಒಂದನ್ನೇ ಅಳೆದಿದ್ದರೆ ಈ ಜೋಡಿಯ ಮಹತ್ವ ಕಾಣುತ್ತಿರಲಿಲ್ಲ. ಹಾಗೆಂದು ತಾಯಿಯನ್ನು ದೂರುವುದು ಸಲ್ಲದು. ಅವಳ ದೇಹವೂ ತನ್ನ ತಾಯಿಯ ತಟ್ಟೆಯಿಂದ ಬಂದದ್ದೇ.

ಗರ್ಭಿಣಿಯರು ಫೋಲಿಕ್ ಆಮ್ಲದ ಗುಳಿಗೆಯನ್ನು ಬಿಡಬಾರದು. ಶಿಶುವಿನ ಬೆನ್ನುಹುರಿಯ ದೋಷವನ್ನು ತಡೆಯಲು ಅದು ಬೇಕೇಬೇಕು. ಆದರೆ ಬಿ-12 ಸೊಪ್ಪು ತರಕಾರಿಗಳಲ್ಲಿಲ್ಲ. ಹಾಲು ಮೊಸರುಗಳಲ್ಲಿ ಅಷ್ಟಿಷ್ಟು ಉಂಟು. ಶಾಕಾಹಾರಿ ಮನೆಯ ಸೊಸೆ ಗರ್ಭಿಣಿಯಾಗುವ ಮೊದಲೇ ಅದರ ರಕ್ತಪರೀಕ್ಷೆಯ ಬಗೆಗೆ ವೈದ್ಯರನ್ನು ವಿಚಾರಿಸುವುದು ಲೇಸು.