ಕಂಪ್ಯೂಟರ್‌ನಲ್ಲಿ ಪಾಸಾದ ಡಿಸೈನ್ ಯಂತ್ರದಲ್ಲಿ ಫೇಲ್ ಆಗುವುದೇಕೆ?

‘ಕಂಪ್ಯೂಟರ್ ಲೆಕ್ಕದಲ್ಲಿ ಪಾಸಾದರೆ ಡಿಸೈನ್ ನೂರಕ್ಕೆ ನೂರು ಸರಿ’ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ ಮಾತ್ರ.

ಮಂಗಳೂರಿನ ಬೈಕಂಪಾಡಿಯ ಒಂದು ವರ್ಕ್‌ಶಾಪ್‌ನಲ್ಲಿ ಗ್ರೈಂಡಿಂಗ್ ಯಂತ್ರವಿದೆ ಎಂದುಕೊಳ್ಳೋಣ. ಅದರ ಒಂದು ಭಾಗವನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ವಿಂಗಡಿಸಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಇದೇ ಫೈನೈಟ್ ಎಲಿಮೆಂಟ್ ವಿಧಾನ. ರೇ ಕ್ಲಫ್ ಈ ಹೆಸರಿಟ್ಟದ್ದು 1960ರಲ್ಲಿ. ಸುರತ್ಕಲ್‌ನ ಕೆಆರ್‌ಇಸಿ, ಅಂದರೆ ಇಂದಿನ ಎನ್‌ಐಟಿಕೆ, ಶುರುವಾದದ್ದೂ ಅದೇ ವರ್ಷ.

ಲೆಕ್ಕ ಹಾಕುವಾಗ ‘ಬುಡ ಚೂರೂ ಅಲುಗುವುದಿಲ್ಲ’ ಎಂದು ಹಿಡಿದರೆ ಎಡವಟ್ಟು. ಮಿಕ್ಸಿಯ ರಬ್ಬರ್ ಕಾಲುಗಳಷ್ಟಲ್ಲದಿದ್ದರೂ ಬೋಲ್ಟು, ಬೇರಿಂಗು, ನೆಲ ಎಲ್ಲವೂ ತುಸು ಜಗ್ಗುತ್ತವೆ. ಅದಕ್ಕೇ ಬುಡದಲ್ಲಿ ಸ್ಪ್ರಿಂಗ್ ಇದೆ ಎಂದು ಲೆಕ್ಕ ಹಾಕಬೇಕು.

ಉದಾಹರಣೆಗೆ, 200 ನ್ಯೂಟನ್ ಬಲ ಬಿದ್ದಾಗ ಭಾಗ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಬಾಗುತ್ತದೆ, ಬುಡವೂ 1 ಮೈಕ್ರಾನ್ ಸರಿಯುತ್ತದೆ ಎನ್ನೋಣ. ಒಟ್ಟು 2. ಬುಡ ಬಿಗಿ ಎಂದು ಹಿಡಿದ ಕಂಪ್ಯೂಟರ್ ತೋರಿಸುವುದು 1 ಮಾತ್ರ! ಗ್ರಾಹಕರು 1.5 ಮೈಕ್ರಾನ್‌ವರೆಗೆ ಮಾತ್ರ ಒಪ್ಪುವುದಾದರೆ ಮಾಲು ರಿಜೆಕ್ಟ್.

ಸ್ಪ್ರಿಂಗ್ ಎಷ್ಟು ಗಟ್ಟಿ ಎಂದು ಅಂದಾಜಿನಲ್ಲಿ ಹೇಳಿದರೆ ಸಾಲದು. ಸೆನ್ಸರ್ ಇರುವ ಸುತ್ತಿಗೆಯಿಂದ ಯಂತ್ರವನ್ನು ತಟ್ಟಿ, ಕಂಪನ ಅಳೆದು, ಕಂಪ್ಯೂಟರ್ ಲೆಕ್ಕದೊಂದಿಗೆ ತಾಳೆ ನೋಡಬೇಕು.

ಕಂಪ್ಯೂಟರ್ ಕೂಡಿಸಿ ಕಳೆಯುವುದರಲ್ಲಿ ತಪ್ಪುವುದಿಲ್ಲ. ನಾವು ಕೊಟ್ಟ ಮಾಹಿತಿ ತಪ್ಪಿದ್ದರೆ ಉತ್ತರವೂ ತಪ್ಪೇ.