ಒಂದೇ ಗ್ಯಾರೇಜಿನ ಇಬ್ಬರು

ತಿಂಥಣಿಯ ಸುತ್ತಮುತ್ತ, ಕೃಷ್ಣಾ ದಂಡೆಯ ಎರೆಹೊಲದಲ್ಲಿ ಗೇಯುವವರಿಗೆ ಒಂದು ಮಾತು ವಿವರಿಸಿ ಹೇಳಬೇಕಾಗಿಲ್ಲ. ಗೂಟಕ್ಕೆ ಕಟ್ಟಿದ ಎತ್ತು ಎಷ್ಟೇ ಚೆಂದ ಕಂಡರೂ ಅದರ ಕಸುವು ತಿಳಿಯುವುದು ಜೋಡಿಯ ಜೊತೆ ನೊಗಕ್ಕೆ ಹೂಡಿದಾಗಲೇ. ಎಡಗೋಲಿನದು ಒಂದು ಹೆಜ್ಜೆ ಹಿಂದೆ ಬಿದ್ದರೂ ನೊಗ ಓರೆಯಾಗಿ ದಾರಿಹೋಕನ ಕಣ್ಣಿಗೂ ಬೀಳುತ್ತದೆ. ಫಾರ್ಮುಲಾ ಕಾರ್ ರೇಸಿನವರು ನಂಬುವ ಅಳತೆಗೋಲೂ ಇಂಥದ್ದೇ. ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಓಡುವಲ್ಲಿ ಯಾವುದು ಕಾರಿನ ಗುಣ, ಯಾವುದು ಕೈಯ ಗುಣ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಪ್ರತಿ ತಂಡಕ್ಕೂ ಎರಡು ಕಾರು, ಇಬ್ಬರು ಚಾಲಕರು. ಅದೇ ಗ್ಯಾರೇಜು, ಅದೇ ಎಂಜಿನಿಯರುಗಳ ಬಳಗ, ಅದೇ ಟೈರು. ಹೀಗಾಗಿ ಚಾಲಕನೊಬ್ಬ ಮೊದಲು ಸೋಲಿಸಬೇಕಾದದ್ದು ಎದುರಾಳಿ ತಂಡದವನನ್ನಲ್ಲ, ಪಕ್ಕದಲ್ಲೇ ಕೂತು ಊಟ ಮಾಡುವ ಜೊತೆಗಾರನನ್ನು.

ಈ ಅಳತೆಗೋಲಿಗೆ ಕರ್ನಾಟಕದಿಂದ ಸಿಕ್ಕ ಒಳ್ಳೆಯ ಉದಾಹರಣೆ ಬೆಂಗಳೂರಿನ ಕುಶ್ ಮೈನಿ. 2000ದಲ್ಲಿ ಹುಟ್ಟಿದ ಹುಡುಗ. ಅಪ್ಪ ಗೌತಮ್ ಮೈನಿ, ಅಣ್ಣ ಅರ್ಜುನ್ ಮೈನಿ, ಇಬ್ಬರೂ ರೇಸಿನ ರುಚಿ ಕಂಡವರೇ. ಚಿಕ್ಕಪ್ಪ ಚೇತನ್ ಮೈನಿ ಬೆಂಗಳೂರಿನ ಬೀದಿಗಳಿಗೆ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ತಂದವರು. ದೇಶದ ಅತ್ಯಂತ ಸಾವಧಾನದ ಕಾರುಗಳಲ್ಲೊಂದನ್ನು ಕಟ್ಟಿದ ಮನೆತನದಿಂದಲೇ ಗಂಟೆಗೆ 300 ಕಿ.ಮೀ. ದಾಟಿ ಓಡಿಸುವ ಇಬ್ಬರು ಬಂದದ್ದು ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ.

2024ರಲ್ಲಿ ಕುಶ್ ಫಾರ್ಮುಲಾ 2ರ ಇನ್ವಿಕ್ಟಾ ತಂಡ ಸೇರಿದರು. ಫಾರ್ಮುಲಾ 1ಕ್ಕೆ ಒಂದೇ ಮೆಟ್ಟಿಲು ಕೆಳಗಿನ ಪಂದ್ಯಮಾಲೆ ಇದು. ಜೊತೆಗಾರ ಬ್ರೆಜಿಲಿನ ಗೇಬ್ರಿಯಲ್ ಬೊರ್ಟೊಲೆಟೊ. ವರ್ಷದ ಕೊನೆಗೆ ಬೊರ್ಟೊಲೆಟೊ 214.5 ಅಂಕ ಪಡೆದು ಚಾಂಪಿಯನ್ ಆದರು. ಕುಶ್ 74 ಅಂಕ ಪಡೆದು 13ನೆಯವರಾದರು. ಇಬ್ಬರ ಅಂಕ ಕೂಡಿ ಇನ್ವಿಕ್ಟಾ ತಂಡದ ಪ್ರಶಸ್ತಿಯನ್ನೂ ಗೆದ್ದಿತು. ಪಟ್ಟಿಯನ್ನಷ್ಟೇ ನೋಡಿದವರು ಇಬ್ಬರ ನಡುವೆ ಮೂರು ಪಟ್ಟು ಅಂತರವಿದೆ ಎಂದುಕೊಂಡು ಪುಟ ತಿರುವಬಹುದು. ಆದರೆ ಅದೇ ವರ್ಷದ ಮೊದಲ ಅರ್ಹತಾ ಸುತ್ತಿನಲ್ಲಿ, ಬಹ್ರೇನಿನಲ್ಲಿ, ಎಲ್ಲರಿಗಿಂತ ವೇಗವಾಗಿ ಸುತ್ತು ಮುಗಿಸಿದ್ದು ಕುಶ್. ಆಮೇಲೆ ತಪಾಸಣೆಯಲ್ಲಿ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವೆಂದು ಆ ಸಮಯವನ್ನೇ ಅಳಿಸಿಹಾಕಿದರು. ಮೊದಲ ಸ್ಥಾನ ಹೋದದ್ದು ಯಾರಿಗೆ? ಪಕ್ಕದ ಬೊರ್ಟೊಲೆಟೊಗೆ. ಮುಂದಿನ ಸುತ್ತು ಜೆಡ್ಡಾದಲ್ಲಿ ಪೋಲ್, ಅಂದರೆ ಅರ್ಹತಾ ಸುತ್ತಿನ ಮೊದಲ ಸ್ಥಾನ, ಪಡೆದಿದ್ದ ಚಾಲಕ ಹಿಂದೆ ಸರಿದದ್ದರಿಂದ ಅವರ ಹಿಂದಿದ್ದ ಕುಶ್ ಎಲ್ಲರ ಮುಂದಿನಿಂದ ಹೊರಟು, ಮುಖ್ಯ ರೇಸಿನಲ್ಲಿ ಎರಡನೆಯವರಾದರು.

ವೇಗ ಇತ್ತು. ಹಾಗಾದರೆ ಅಂಕ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಹುಡುಕುವುದು ಒಂದು ಕಸುಬು. ಚಾಲಕರದ್ದಷ್ಟೇ ಅಲ್ಲ, ಅವರನ್ನು ನೋಡಿ ಅಳೆಯುವವರದ್ದೂ.

ಮೊದಲು ಬರಿಯ ವೇಗವನ್ನು ನೋಡೋಣ. ಫಾರ್ಮುಲಾ 2ರಲ್ಲಿ ಎಲ್ಲರದ್ದೂ ಡಲ್ಲಾರಾ ಕಟ್ಟಿದ ಒಂದೇ ಮಾದರಿಯ ಕಾರು, ಮೆಕಾಕ್ರೋಮ್‌ನ 3.4 ಲೀಟರಿನ ಟರ್ಬೊ ಎಂಜಿನ್, ಪಿರೆಲ್ಲಿ ಟೈರು. ಸ್ಟಿಯರಿಂಗಿಗೆ ಪವರ್ ಸಹಾಯವಿಲ್ಲ, ತೋಳಿನ ಬಲದಿಂದಲೇ ತಿರುಗಿಸಬೇಕು. ಅಭ್ಯಾಸಕ್ಕೆ 45 ನಿಮಿಷ, ಅರ್ಹತಾ ಸುತ್ತಿಗೆ 30 ನಿಮಿಷ. ಈ ಅರ್ಧ ಗಂಟೆಯಲ್ಲಿ ಹೊಸ ಟೈರು ತನ್ನ ಪೂರ್ತಿ ಹಿಡಿತ ಕೊಡುವುದು ಒಂದು ಸುತ್ತು, ಹೆಚ್ಚೆಂದರೆ ಎರಡು. ಪಿಟ್‌ನಿಂದ ಹೊರಬಿದ್ದ ಮೇಲೆ ಟೈರನ್ನು ಹದಕ್ಕೆ ಬಿಸಿ ಮಾಡಿಕೊಳ್ಳಬೇಕು. ಬಿಸಿ ಸಾಲದಿದ್ದರೆ ಮೊದಲ ತಿರುವಿನಲ್ಲೇ ಮುಂದಿನ ಗಾಲಿ ಜಾರುತ್ತದೆ, ಹೆಚ್ಚಾದರೆ ಕೊನೆಯ ತಿರುವುಗಳಲ್ಲಿ ಹಿಂದಿನ ಗಾಲಿ ಸೋಲುತ್ತದೆ. ನಡುವಿನ ಸಣ್ಣ ಹದದಲ್ಲಿ ಸುತ್ತು ಶುರುವಾಗಬೇಕು, ಅದೂ ಮುಂದೆ ನಿಧಾನದ ಕಾರು ಅಡ್ಡ ಬಾರದ ಗಳಿಗೆ ನೋಡಿಕೊಂಡು.

ತಿರುವಿನ ಒಳಗಿನ ಕೆಲಸ ಇನ್ನೂ ಸೂಕ್ಷ್ಮ. ಬ್ರೇಕನ್ನು ಗಟ್ಟಿಯಾಗಿ ಒತ್ತುವುದು ಯಾರಿಗಾದರೂ ಬಂದೀತು. ಕಷ್ಟವಿರುವುದು ಬಿಡುವುದರಲ್ಲಿ. ಕಾರು ತಿರುಗತೊಡಗಿದಂತೆ ಪಾದದ ಒತ್ತಡವನ್ನು ಎಳೆ ಎಳೆಯಾಗಿ ಇಳಿಸುತ್ತಾ ಬರಬೇಕು. ಬೇಗ ಬಿಟ್ಟರೆ ಮುಂದಿನ ಗಾಲಿಯ ಮೇಲಿನ ಭಾರ ಹೋಗಿ ಕಾರು ಹೊರಕ್ಕೆ ಸರಿಯುತ್ತದೆ, ತಡವಾದರೆ ಹಿಂಬದಿ ತಿರುಗಿಬಿಡುತ್ತದೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ಐದೂವರೆ ಮೀಟರು. ಜೊತೆಗಾರರ ನಡುವಿನ ಜಗಳವೆಲ್ಲ ಆ ಐದೂವರೆ ಮೀಟರಿನ ಒಳಗೇ ನಡೆಯುತ್ತದೆ.

ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಒಂದೇ ತಂಡದಲ್ಲಿ ವೇಗದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಪ್ರತಿ ಸುತ್ತಿನಲ್ಲೂ ಬ್ರೇಕು, ಆಕ್ಸಿಲರೇಟರು, ಸ್ಟಿಯರಿಂಗು ಎಷ್ಟೆಷ್ಟು ಚಲಿಸಿದವು ಎಂದು ಕಾರು ದಾಖಲಿಸುತ್ತದೆ. ಇಬ್ಬರ ಗೆರೆಗಳನ್ನೂ ಒಂದರ ಮೇಲೊಂದಿಟ್ಟು ತೆರೆಯ ಮೇಲೆ ತೋರಿಸುತ್ತಾರೆ. ನೀನು ನಾಲ್ಕನೇ ತಿರುವಿನಲ್ಲಿ ಎಲ್ಲಿ ಕಳೆದುಕೊಂಡೆ ಎಂದು ನಿಧಾನದವನಿಗೆ ಸ್ಪಷ್ಟವಾಗಿ ಕಾಣುತ್ತದೆ. ಅಂದರೆ ಶುಕ್ರವಾರ ವೇಗವಾಗಿ ಓಡಿದವನು ತನಗರಿವಿಲ್ಲದೆಯೇ ಜೊತೆಗಾರನಿಗೆ ಪಾಠ ಹೇಳಿರುತ್ತಾನೆ. ಇಷ್ಟೆಲ್ಲ ಬಯಲಾದ ಮೇಲೂ ಒಬ್ಬನೇ ವಾರದಿಂದ ವಾರಕ್ಕೆ ಮುಂದಿದ್ದರೆ ಅದು ಗೆರೆ ನೋಡಿ ಕಲಿಯಲಾಗದ ಪಾದದ ಗುಣ. ಅದಕ್ಕೇ ಈ ವಲಯದವರು ಅರ್ಹತಾ ಸುತ್ತಿನ ಅಂತರಕ್ಕೆ ಅಷ್ಟು ಬೆಲೆ ಕೊಡುವುದು. ಬಲ್ಲವರು ಅದನ್ನೂ ಸೋಸಿಯೇ ನೋಡುತ್ತಾರೆ. ಮಳೆ ಬಂದದ್ದು, ಹಳದಿ ಬಾವುಟದಿಂದ ಸುತ್ತು ಕೆಟ್ಟದ್ದು, ಮೊಂಝಾದಂಥ ನೇರ ಹಾದಿಯಲ್ಲಿ ಒಬ್ಬನಿಗೆ ಮಾತ್ರ ಮುಂದಿನ ಕಾರಿನ ಗಾಳಿಮರೆ ಸಿಕ್ಕಿದ್ದು, ಇವನ್ನೆಲ್ಲ ತೆಗೆದುಹಾಕಿ ಉಳಿದದ್ದನ್ನು ಅಳೆಯುತ್ತಾರೆ.

ಆದರೆ ಅರ್ಹತಾ ಸುತ್ತಿಗೆ ಅಂಕ ಅತ್ಯಲ್ಪ. ಫಾರ್ಮುಲಾ 2ರಲ್ಲಿ ಪೋಲ್‌ಗೆ 2 ಅಂಕ, ಮುಖ್ಯ ರೇಸಿನ ಗೆಲುವಿಗೆ 25. ಈ ಎರಡರ ನಡುವಿನ ದಾರಿಯಲ್ಲಿಯೇ ಅದೃಷ್ಟವೂ ಬಾಳಿಕೆಯೂ ಕಾದು ಕೂತಿರುವುದು.

ಫಾರ್ಮುಲಾ 1ರ ಹಳೆಯ ಕಥೆಗಳಲ್ಲಿ 1984ರದ್ದು ನನಗೆ ಎಲ್ಲಕ್ಕಿಂತ ಇಷ್ಟ. ಮೆಕ್‌ಲಾರೆನ್ ತಂಡದಲ್ಲಿ ನಿಕಿ ಲೌಡಾ ಮತ್ತು ಅಲೇನ್ ಪ್ರೋಸ್ಟ್. ಹಿರಿಯ ಲೌಡಾ ಎರಡು ಬಾರಿಯ ಚಾಂಪಿಯನ್, 1976ರಲ್ಲಿ ಬೆಂಕಿಯಲ್ಲಿ ಬೆಂದು ಬದುಕಿ ಬಂದವರು. ಪ್ರೋಸ್ಟ್ ಆರು ವರ್ಷ ಚಿಕ್ಕವರು. 16 ರೇಸುಗಳ ಪೈಕಿ 15ರಲ್ಲಿ ಪ್ರೋಸ್ಟ್ ಅರ್ಹತಾ ಸುತ್ತಿನಲ್ಲಿ ಜೊತೆಗಾರನಿಗಿಂತ ಮುಂದಿದ್ದರು. ಗೆದ್ದದ್ದು ಏಳು, ಲೌಡಾ ಗೆದ್ದದ್ದು ಐದು. ಚಾಂಪಿಯನ್ ಆದವರು ಲೌಡಾ, 72 ಅಂಕ. ಪ್ರೋಸ್ಟ್ 71.5. ಆ ಅರ್ಧ ಅಂಕದ ಬೇರು ಮೊನಾಕೊದ ಮಳೆಯಲ್ಲಿದೆ. ಪ್ರೋಸ್ಟ್ ಮುಂದಿದ್ದರು, ಹಿಂದಿನಿಂದ ಅಯರ್ಟನ್ ಸೆನ್ನಾ ಎಂಬ ಹೊಸ ಹುಡುಗ ಸಾಧಾರಣ ಟೋಲ್‌ಮನ್ ಕಾರಿನಲ್ಲಿ ಭರದಿಂದ ಹತ್ತಿರ ಬರುತ್ತಿದ್ದ. ರೇಸ್ ನಿಲ್ಲಿಸಿ ಎಂದು ಪ್ರೋಸ್ಟ್ ಕೈಸನ್ನೆ ಮಾಡಿದರು, ರೇಸ್ ನಿಂತಿತು, ಗೆಲುವು ಸಿಕ್ಕಿತು. ಆದರೆ ಮುಕ್ಕಾಲು ದೂರವನ್ನೂ ಓಡದ್ದರಿಂದ ಒಂಬತ್ತರ ಬದಲು ನಾಲ್ಕೂವರೆ ಅಂಕ ಮಾತ್ರ. ಪೂರ್ತಿ ಓಡಿ ಸೆನ್ನಾಗೆ ಸೋತು ಎರಡನೆಯವರಾಗಿದ್ದರೂ ಆರು ಅಂಕ ಬರುತ್ತಿತ್ತು, ಪ್ರಶಸ್ತಿಯೂ ಅವರದ್ದಾಗುತ್ತಿತ್ತು. ಪ್ರೋಸ್ಟ್ ಅಂದು ಬಯಸಿದ ಅದೃಷ್ಟವೇ ಒದಗಿ ಬಂತು, ಅದೇ ಅವರನ್ನು ಸೋಲಿಸಿತು.

ಹಾಗೆಂದು ಲೌಡಾರದ್ದು ಬರೀ ಅದೃಷ್ಟ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಕೊನೆಯ ರೇಸ್ ಪೋರ್ಚುಗಲ್ಲಿನಲ್ಲಿ. ಲೌಡಾ ಹೊರಟದ್ದು 11ನೇ ಸ್ಥಾನದಿಂದ, ಬೇಕಿದ್ದದ್ದು ಎರಡನೇ ಸ್ಥಾನ. ಒಬ್ಬೊಬ್ಬರನ್ನೇ ದಾಟುತ್ತಾ ಮೂರನೆಯ ಸ್ಥಾನಕ್ಕೆ ಬಂದರು. ಎರಡನೆಯ ಸ್ಥಾನದಲ್ಲಿದ್ದ ಮ್ಯಾನ್ಸೆಲ್ ಎಂಬ ಚಾಲಕರ ಕಾರಿಗೆ ಬ್ರೇಕು ಕೈಕೊಟ್ಟು ಜಾಗ ತೆರವಾಯಿತು. ಬ್ರೇಕು ಹೋದದ್ದು ಅದೃಷ್ಟ, ಸರಿ. ಅದು ಹೋಗುವ ಹೊತ್ತಿಗೆ ಮೂರನೆಯವನಾಗಿ ಅಲ್ಲಿರಬೇಕಿತ್ತಲ್ಲ? ತಾನು ಪ್ರೋಸ್ಟ್‌ನಷ್ಟು ವೇಗಿ ಅಲ್ಲವೆಂದು ಒಪ್ಪಿಕೊಂಡು, ಶನಿವಾರದ ಅರ್ಹತಾ ಸುತ್ತನ್ನು ಬಿಟ್ಟುಕೊಟ್ಟು, ಕಾರನ್ನು ಭಾನುವಾರದ ಓಟಕ್ಕೆಂದೇ ಹದಗೊಳಿಸುವುದಕ್ಕೆ ಬೇರೆಯೇ ಎದೆಗಾರಿಕೆ ಬೇಕು.

ಭಾರತದವರಿಗೆ ನೆನಪಿರಬೇಕಾದ ಇನ್ನೊಂದು ಜೋಡಿ 2005ರ ಜೋರ್ಡಾನ್ ತಂಡದ್ದು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, ಜೊತೆಗೆ ಪೋರ್ಚುಗಲ್ಲಿನ ಟಿಯಾಗೊ ಮೊಂಟೇರೊ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಟೈರು ಸುರಕ್ಷಿತವಲ್ಲವೆಂದು ಮಿಶೆಲಿನ್ ಬಳಸುವ ತಂಡಗಳೆಲ್ಲ ಹಿಂದೆ ಸರಿದವು. ಓಡಿದ್ದು ಆರೇ ಕಾರು. ಮೊಂಟೇರೊ ಮೂರನೆಯವರಾಗಿ ವೇದಿಕೆ ಹತ್ತಿದರು, ನಾರಾಯಣ್ ನಾಲ್ಕನೆಯವರಾಗಿ ಐದು ಅಂಕ ಪಡೆದರು. ಭಾರತೀಯನೊಬ್ಬ ಫಾರ್ಮುಲಾ 1ರಲ್ಲಿ ಗಳಿಸಿದ ಮೊದಲ ಅಂಕಗಳು ಅವು. ಮೊಂಟೇರೊ ಆ ವರ್ಷದ 19 ರೇಸುಗಳ ಪೈಕಿ 18ನ್ನು ಪೂರ್ತಿ ಓಡಿ ಮುಗಿಸಿದರು. ಹೊಸಬನೊಬ್ಬನಿಗೆ ಅದು ಅಪರೂಪದ ಸಾಧನೆ. ಬರಿಯ ವೇಗದ ಮಾತಿನಲ್ಲಿ ನಾರಾಯಣ್ ಪರ ವಾದಿಸುವವರು ಇಂದಿಗೂ ಇದ್ದಾರೆ. ಪಟ್ಟಿಯಲ್ಲಿ ಮಾತ್ರ ಮೊಂಟೇರೊ 7, ನಾರಾಯಣ್ 5.

ಬಾಳಿಕೆ ಎನ್ನುವಾಗ ಎರಡನ್ನು ಬೇರೆ ಮಾಡಬೇಕು: ಯಂತ್ರದ ಬಾಳಿಕೆ, ಮನುಷ್ಯನ ಬಾಳಿಕೆ. 2016ರಲ್ಲಿ ಮಲೇಷ್ಯಾದಲ್ಲಿ ಮುಂದಿದ್ದ ಲೂಯಿಸ್ ಹ್ಯಾಮಿಲ್ಟನ್ನರ ಎಂಜಿನ್ ಹೊಗೆಯೆದ್ದು ನಿಂತಿತು. ಗೆದ್ದಿದ್ದರೆ 25 ಅಂಕ. ವರ್ಷದ ಕೊನೆಗೆ ಜೊತೆಗಾರ ನಿಕೊ ರಾಸ್‌ಬರ್ಗ್ ಚಾಂಪಿಯನ್ ಆದದ್ದು 385ಕ್ಕೆ 380, ಬರೀ ಐದು ಅಂಕದಿಂದ. ಇಲ್ಲಿ ಹ್ಯಾಮಿಲ್ಟನ್ ಪಾದದ ತಪ್ಪೇನೂ ಇಲ್ಲ. ಅದಕ್ಕೂ ಮುಂಚೆ, 2010ರಿಂದ 2012ರವರೆಗೆ, ಅದೇ ಹ್ಯಾಮಿಲ್ಟನ್ ಮೆಕ್‌ಲಾರೆನ್‌ನಲ್ಲಿ ಜೆನ್ಸನ್ ಬಟನ್ ಜೊತೆಗಿದ್ದರು. ಹ್ಯಾಮಿಲ್ಟನ್ ಗೆದ್ದದ್ದು 10 ರೇಸು, ಬಟನ್ 8. ಮೂರು ವರ್ಷದ ಒಟ್ಟು ಅಂಕದಲ್ಲಿ ಬಟನ್ 672, ಹ್ಯಾಮಿಲ್ಟನ್ 657. ಇದರಲ್ಲಿ ಸಿಂಗಪುರ, ಅಬುಧಾಬಿಗಳಲ್ಲಿ ಮುಂದಿರುವಾಗಲೇ ಕೆಟ್ಟು ನಿಂತ ಕಾರುಗಳ ಪಾಲೂ ಇದೆ, 2011ರಲ್ಲಿ ಹ್ಯಾಮಿಲ್ಟನ್ ಪದೇ ಪದೇ ಇತರರಿಗೆ ಗುದ್ದಿಕೊಂಡದ್ದರ ಪಾಲೂ ಇದೆ. ಒಂದನ್ನು ಯಂತ್ರದ ಲೆಕ್ಕಕ್ಕೆ, ಇನ್ನೊಂದನ್ನು ಮನುಷ್ಯನ ಲೆಕ್ಕಕ್ಕೆ ಬರೆಯದಿದ್ದರೆ ಅಳತೆಯೇ ಸುಳ್ಳಾಗುತ್ತದೆ.

ಮೈನಿ ಮನೆಯಲ್ಲಿ ಈ ಎರಡೂ ಬಗೆಯ ಪಾಡನ್ನು ಅಣ್ಣ ಅರ್ಜುನ್ ಮೊದಲೇ ಕಂಡಿದ್ದರು. 2018ರಲ್ಲಿ ಅವರು ಫಾರ್ಮುಲಾ 2ಕ್ಕೆ ಬಂದಾಗ ಕಾರು ಹೊಸದು, ಕ್ಲಚ್ಚಿನ ಕಾಟ. ಹೊರಡುವ ಗೆರೆಯಲ್ಲೇ ಕಾರುಗಳು ಆರಿಹೋಗಿ ನಿಲ್ಲುತ್ತಿದ್ದವು. ಕೊನೆಗೆ ಆಸ್ಟ್ರಿಯಾ ಮತ್ತು ಸಿಲ್ವರ್‌ಸ್ಟೋನ್‌ಗಳಲ್ಲಿ ನಿಂತಲ್ಲಿಂದ ಹೊರಡಿಸುವುದನ್ನೇ ಬಿಟ್ಟು ಕಾರುಗಳು ಚಲಿಸುತ್ತಿರುವಾಗಲೇ ರೇಸ್ ಶುರು ಮಾಡಿಸಿದರು. ಆ ಸಿಲ್ವರ್‌ಸ್ಟೋನ್‌ನಲ್ಲೇ ಜೊತೆಗಾರ ಸಾಂಟಿನೊ ಫೆರುಚ್ಚಿ, ರೇಸ್ ಮುಗಿದ ಮೇಲೆ, ಅರ್ಜುನ್ ಕಾರಿಗೆ ಹಿಂದಿನಿಂದ ಗುದ್ದಿದರು. ಅಧಿಕಾರಿಗಳು ಅವರನ್ನು ನಾಲ್ಕು ರೇಸುಗಳಿಂದ ಹೊರಗಿಟ್ಟರು. ಜೊತೆಗಾರನೇ ದುರದೃಷ್ಟವಾಗಿ ಬಂದರೆ ಅದನ್ನು ಯಾವ ಲೆಕ್ಕಕ್ಕೆ ಬರೆಯಬೇಕೋ!

ಇನ್ನು 2024ಕ್ಕೆ ಮರಳಿದರೆ, ಕುಶ್‌ಗೆ ಅದೃಷ್ಟ ಬರೀ ಕೈಕೊಟ್ಟಿತು ಅನ್ನುವಂತಿಲ್ಲ. ಹಂಗೆರಿಯ ಸ್ಪ್ರಿಂಟ್ ಎಂಬ ಚಿಕ್ಕ ರೇಸಿನಲ್ಲಿ ಮೊದಲು ಗೆರೆ ದಾಟಿದ್ದು ರಿಚರ್ಡ್ ವರ್ಸ್ಕೂರ್. ಅವರ ಆಕ್ಸಿಲರೇಟರ್ ಪೆಡಲಿನ ಹೊಂದಾಣಿಕೆ ನಿಯಮಕ್ಕೆ ಒಗ್ಗಲಿಲ್ಲವೆಂದು ಅನರ್ಹರಾದರು, ಗೆಲುವು ಕುಶ್‌ಗೆ ಬಂತು. ಫಾರ್ಮುಲಾ 2ರಲ್ಲಿ ಅವರ ಮೊದಲ ಗೆಲುವು ಅದು. ಬಹ್ರೇನಿನಲ್ಲಿ ಹೋದದ್ದು ತಪಾಸಣೆಯ ಕೋಣೆಯಲ್ಲಿ, ಹಂಗೆರಿಯಲ್ಲಿ ಬಂದದ್ದೂ ತಪಾಸಣೆಯ ಕೋಣೆಯಲ್ಲಿ. ಲೆಕ್ಕ ಪೂರ್ತಿ ಚುಕ್ತಾ ಆಗದಿದ್ದರೂ ತುಸು ಸಮವಾಯಿತು.

ಬೊರ್ಟೊಲೆಟೊ ಎಲ್ಲಿ ಬೇರೆಯಾದರೆಂದರೆ ಮೊಂಝಾದಂಥ ದಿನಗಳಲ್ಲಿ. ಅಲ್ಲಿ ಅವರು ಹೊರಟದ್ದು ಕಟ್ಟಕಡೆಯ 22ನೇ ಸ್ಥಾನದಿಂದ, ಮುಗಿಸಿದ್ದು ಮೊದಲನೆಯವರಾಗಿ. ಹಾಗೆ ಗೆಲ್ಲಲು ಅದೃಷ್ಟ ಬೇಕೇ ಬೇಕು. ಆದರೆ ಪಿರೆಲ್ಲಿಯ ಈ ಟೈರುಗಳು ಬೇಗ ಸವೆಯುವಂತೆಯೇ ಮಾಡಿದವು. ಪ್ರತಿ ಜಾರಾಟವೂ ಮೇಲ್ಮೈಯನ್ನು ಕಾಯಿಸಿ ಮುಂದಿನ ಐದು ಸುತ್ತಿನ ಬಾಯಿಂದ ತುತ್ತು ಕಸಿಯುತ್ತದೆ. ವೇಗ ತಡೆದು ಓಡಿಸಿ, ಬೇಕಾದ ಹೊತ್ತಿಗೆ ಟೈರಿನಲ್ಲಿ ಜೀವ ಉಳಿಸಿಕೊಂಡವನಿಗೆ ಮಾತ್ರ ಆ ಅದೃಷ್ಟ ಉಪಯೋಗಕ್ಕೆ ಬರುತ್ತದೆ. ವರ್ಷವಿಡೀ ಬೊರ್ಟೊಲೆಟೊ ಗೆದ್ದದ್ದು ಎರಡೇ ರೇಸು. ಉಳಿದ ಅಂಕ ಬಹುಪಾಲು ಗೆಲುವಿಗೆ ಕೆಳಗಿನ ಸ್ಥಾನಗಳಿಂದ ಒಟ್ಟಾದದ್ದು. ಕೊನೆಯ ಅಬುಧಾಬಿಗೆ ಬರುವಾಗ ಅವರಿಗೂ ಐಸಾಕ್ ಹಜಾರ್‌ಗೂ ಅರ್ಧ ಅಂಕದ ಅಂತರ. ಮುಖ್ಯ ರೇಸಿಗೆ ದೀಪ ಆರಿದಾಗ ಹಜಾರ್ ಕಾರು ಹೊರಡದೆ ನಿಂತಲ್ಲೇ ಆರಿಹೋಯಿತು. ಬೊರ್ಟೊಲೆಟೊ ಎರಡನೆಯವರಾಗಿ ಮುಗಿಸಿ ಪ್ರಶಸ್ತಿ ಪಡೆದರು, 2025ಕ್ಕೆ ಫಾರ್ಮುಲಾ 1ರ ಸೌಬರ್ ತಂಡಕ್ಕೆ ಹೋದರು.

ಕುಶ್ 2025ಕ್ಕೆ ಡಾಮ್ಸ್ ತಂಡಕ್ಕೆ ಬಂದರು, ಜೊತೆಗೆ ಆಲ್ಪೀನ್ ಫಾರ್ಮುಲಾ 1 ತಂಡದ ಮೀಸಲು ಚಾಲಕನ ಕೆಲಸ. ಆ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟ್ ಗೆದ್ದರು. ಅಲ್ಲಿ ಫಾರ್ಮುಲಾ 2 ರೇಸ್ ಗೆದ್ದ ಮೊದಲ ಭಾರತೀಯ ಅವರು. ಸ್ಪ್ರಿಂಟಿನಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಸ್ಥಾನಗಳನ್ನು ತಿರುವುಮುರುವು ಮಾಡುತ್ತಾರೆ. ಹತ್ತನೆಯವರಾಗಿದ್ದ ಕುಶ್ ಎಲ್ಲರ ಮುಂದೆ ನಿಂತದ್ದು ಆ ನಿಯಮದಿಂದ. ಮೊನಾಕೊ ಬೀದಿಯಲ್ಲಿ ಹಿಂದಿನವನು ದಾಟುವುದು ಕಷ್ಟ, ಮುಂದಿನವನು ಗೋಡೆಗೆ ತಾಗುವುದು ಸುಲಭ. 30 ಸುತ್ತು ಒಮ್ಮೆಯೂ ತಾಗದೆ ಓಡಿಸಿದರು. ಅದೇ ವರ್ಷ ಅದೇ ಗ್ಯಾರೇಜಿನ ಜೊತೆಗಾರ ಜ್ಯಾಕ್ ಕ್ರಾಫರ್ಡ್ ಒಟ್ಟಾರೆ ಪಟ್ಟಿಯಲ್ಲಿ ಎರಡನೆಯವರಾದರು. ಕುಶ್ ಮತ್ತೆ ಬಹಳ ಕೆಳಗೆ ಉಳಿದರು. ಎರಡು ವರ್ಷ, ಎರಡು ತಂಡ, ಇಬ್ಬರು ಬೇರೆ ಬೇರೆ ಜೊತೆಗಾರರು, ಪಟ್ಟಿ ಮಾತ್ರ ಒಂದೇ ಮಾತು ಹೇಳುತ್ತಿದೆ. ಬಹ್ರೇನಿನ ಆ ಅಳಿಸಿಹೋದ ಸುತ್ತನ್ನು ಅದರ ಪಕ್ಕದಲ್ಲಿಟ್ಟು ನೋಡುವವರಿಗೆ ಅಷ್ಟು ಸಲೀಸಾಗಿ ತೀರ್ಪು ಕೊಡಲು ಮನಸ್ಸು ಬರುವುದಿಲ್ಲ, ನನಗಂತೂ ಬಂದಿಲ್ಲ.